ಲ್ಯಾಟಿನ್‌ನ ವಿಭಕ್ತಿ ಪಟ್ಟಿಗಳನ್ನೂ ಬಹುವಚನ ಪ್ರತ್ಯಯಗಳನ್ನೂ ಒಂದೇ ತಿಂಗಳಲ್ಲಿ ಬಾಯಿಪಾಠ ಮಾಡುವುದು ಹೇಗೆ?

2007ರಲ್ಲಿ ನನಗೂ ಇದೇ ಅವಸರವಿತ್ತು. ಆಗ ನಾನು ಸಸ್ಯಶಾಸ್ತ್ರದ ಸಂಶೋಧನಾ ವಿದ್ಯಾರ್ಥಿ. ಘಟ್ಟದಲ್ಲಿ ಸಿಕ್ಕ ಗಿಡವೊಂದು ಹೊಸ ಪ್ರಭೇದವೆಂದು ನಂಬಿದ್ದೆ. ಹೊಸ ಗಿಡಕ್ಕೆ ಹೆಸರಿಡಬೇಕಾದರೆ ಅದರ ಲಕ್ಷಣವನ್ನು ಲ್ಯಾಟಿನ್‌ನಲ್ಲೇ ಬರೆಯಬೇಕಿದ್ದ ಕಾಲ ಅದು. ಇಂಗ್ಲಿಷ್‌ಗೂ ಅವಕಾಶ ಸಿಕ್ಕಿದ್ದು 2012ರ ಜನವರಿಯಿಂದ. ಬೇಕಾಗಿದ್ದುದು ನಾಲ್ಕೇ ಸಾಲು. ಅದಕ್ಕಾಗಿ ನಾಮಪದಗಳ ಐದೂ ಗಣಗಳ (ಒಂದೇ ಬಗೆಯ ವಿಭಕ್ತಿ ಪ್ರತ್ಯಯ ಪಡೆಯುವ ಪದಗಳ ಗುಂಪುಗಳ) ಪಟ್ಟಿಯನ್ನು ಹಾಸ್ಟೆಲ್ ಗೋಡೆಗೆ ಅಂಟಿಸಿ, ಹಲ್ಲುಜ್ಜುವಾಗಲೂ ಉರು ಹೊಡೆದೆ. ಪಟ್ಟಿ ಬಾಯಿಗೆ ಬಂತು. ಲೇಖನ ಹಿಂದಕ್ಕೆ ಬಂತು.

ತಪ್ಪಿದ್ದುದು ನನ್ನ ಪದಗಳ ನೋಟ್‌ಬುಕ್ಕಿನಲ್ಲಿ. ರಾಮುಸ್ – ಕೊಂಬೆ, ಫ್ರುಕ್ಟುಸ್ – ಹಣ್ಣು, ಆಪೆಕ್ಸ್ – ತುದಿ ಎಂದು ಪ್ರಥಮಾ ಏಕವಚನವನ್ನಷ್ಟೇ ಬರೆದುಕೊಂಡಿದ್ದೆ. ರಾಮುಸ್‌ಗೆ ಬಹುವಚನ ರಾಮಿ, ಹಾಗಾಗಿ ಫ್ರುಕ್ಟುಸ್‌ಗೆ ಫ್ರುಕ್ಟಿ ಎಂದು ಧೈರ್ಯವಾಗಿ ಬರೆದೆ. ಅಂಥ ರೂಪವಿಲ್ಲ. ರಾಮುಸ್ ಎರಡನೆಯ ಗಣ, ಫ್ರುಕ್ಟುಸ್ ನಾಲ್ಕನೆಯದು. ಅದರ ಬಹುವಚನ ಫ್ರುಕ್ಟೂಸ್, ರೋಮನ್ ಲಿಪಿಯಲ್ಲಿ ಆ ದೀರ್ಘವೂ ಸಾಮಾನ್ಯವಾಗಿ ಕಾಣುವುದಿಲ್ಲ. ಗೆನುಸ್ (ಕುಲ) ಕೂಡ ‘ಉಸ್’ ಎಂದೇ ಮುಗಿಯುತ್ತದೆ, ಆದರೆ ಮೂರನೆಯ ಗಣ, ನಪುಂಸಕಲಿಂಗ, ಬಹುವಚನ ಗೆನೆರಾ. ಮೂರರ ಬಾಲವೂ ಒಂದೇ, ಜಾತಿ ಬೇರೆ. ಗುಟ್ಟು ರಟ್ಟಾಗುವುದು ಷಷ್ಠಿಯಲ್ಲಿ: ರಾಮಿ, ಫ್ರುಕ್ಟೂಸ್, ಗೆನೆರಿಸ್. ಆಪೆಕ್ಸ್‌ನ ಷಷ್ಠಿ ಆಪಿಕಿಸ್. ಉಳಿದ ಪ್ರತ್ಯಯಗಳೆಲ್ಲ ಸೇರುವುದು ಆ ‘ಆಪಿಕ್’ಗೆ. ‘ಚೂಪು ತುದಿಯುಳ್ಳ’ ಎನ್ನಲು ‘ಆಪಿಕೆ ಅಕೂಟೊ’ ಎನ್ನಬೇಕಾದಲ್ಲಿ ನಾನು ‘ಆಪೆಕ್ಸೆ’ ಎಂದಿದ್ದೆ. ಪಟ್ಟಿ ಸರಿಯಾಗಿಯೇ ನೆನಪಿತ್ತು, ಯಾವ ಪದಕ್ಕೆ ಯಾವ ಪಟ್ಟಿ ಎಂಬುದೇ ಗೊತ್ತಿರಲಿಲ್ಲ.

ತಿದ್ದಿಸಿಕೊಳ್ಳಲು ಕರಾವಳಿಯಲ್ಲಿ ಒಬ್ಬ ನಿವೃತ್ತ ಪಾದ್ರಿಯನ್ನು ಹುಡುಕಿಕೊಂಡು ಹೋದೆ. ಬಲಿಪೂಜೆ ಲ್ಯಾಟಿನ್‌ನಲ್ಲೇ ನಡೆಯುತ್ತಿದ್ದ ಕಾಲದವರು. ಪಟ್ಟಿ ಒಪ್ಪಿಸುತ್ತೇನೆ ಎಂದರೆ ಅವರಿಗೆ ಬೇಡ. ಪ್ರತಿ ಪದಕ್ಕೂ ಒಂದೇ ಪ್ರಶ್ನೆ: “ಷಷ್ಠಿ ಹೇಳಪ್ಪಾ.” ಏಳು ತಿಂಗಳು ಹೋಯಿತು.

ಬಹುವಚನ ಪ್ರತ್ಯಯವನ್ನು ನೀವು ಬೇರೆಯಾಗಿ ಕೇಳಿದ್ದೀರಿ. ಅಂಥದ್ದೊಂದು ಬೇರೆಯಾಗಿ ಇಲ್ಲವೇ ಇಲ್ಲ. ‘ಮರಗಳಿಂದ’ ಎಂಬಲ್ಲಿ ‘ಗಳ್’ ಬೇರೆ, ‘ಇಂದ’ ಬೇರೆ ಎಂದು ಬಿಡಿಸಬಹುದು. ಲ್ಯಾಟಿನ್‌ನಲ್ಲಿ ವಚನ, ವಿಭಕ್ತಿ ಎರಡೂ ಒಂದೇ ಪ್ರತ್ಯಯದಲ್ಲಿ ಕರಗಿರುತ್ತವೆ. ಶಾಲೆಯಲ್ಲಿ ಸಂಸ್ಕೃತ ಓದಿದ್ದರೆ ಇದು ಹೊಸದಲ್ಲ: ‘ಫಲಾನಿ’ ಪ್ರಥಮೆಗೂ ದ್ವಿತೀಯೆಗೂ ಒಂದೇ ಆಗಿರುವಂತೆ ಲ್ಯಾಟಿನ್ ನಪುಂಸಕದಲ್ಲೂ ಎರಡೂ ಒಂದೇ. ಅಂದಹಾಗೆ, ನಾವು ಹತ್ತುವ ಬಸ್ಸು ‘ಎಲ್ಲರಿಗೆ’ ಎಂಬರ್ಥದ ‘ಓಮ್ನಿಬುಸ್’ ಪದದ ಬಾಲ, ಬರಿಯ ಚತುರ್ಥಿ ಬಹುವಚನದ ತುಣುಕು.

ಒಂದು ತಿಂಗಳ ಗಡುವನ್ನು ಬಿಡಿ. ಗೋಡೆಯ ಮೇಲೆ ಪಟ್ಟಿ ಇದ್ದರೆ ಕಿತ್ತುಹಾಕಿ. ದಿನಕ್ಕೆ ಐದೇ ಪದ ಸಾಕು, ಪ್ರತಿಯೊಂದರ ಪಕ್ಕದಲ್ಲೂ ಅದರ ಷಷ್ಠಿ ಮತ್ತು ಲಿಂಗ ಇರಲಿ. ಆ ಹಳೆಯ ನೋಟ್‌ಬುಕ್ ಇನ್ನೂ ನನ್ನ ಬಳಿ ಇದೆ. ಪಾದ್ರಿಗಳ ಕೆಂಪು ಶಾಯಿಯ ‘ಇಸ್’, ‘ಇಸ್’, ‘ಇಸ್’ ಪುಟದಂಚಿನ ಉದ್ದಕ್ಕೂ.