ಕಥೆ ತಿದ್ದುವುದು ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಾನು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯವಳು. ರೇಷ್ಮೆ ಬೆಳೆಯುವ ಒಬ್ಬ ಅಮ್ಮನ ಕಥೆ ಬರೆದು ಕಳಿಸಿದ್ದೇನೆ. ಎಷ್ಟು ತಿದ್ದಿದರೂ ಸಪ್ಪೆ ಅನಿಸುತ್ತದೆ. ಇವತ್ತು ಒಂದು ಪದ ಬದಲಿಸುತ್ತೇನೆ, ನಾಳೆ ಮತ್ತೆ ಹಳೆಯದನ್ನೇ ಹಾಕುತ್ತೇನೆ. ಇನ್ನೊಂದು ವಿಷಯ, ನಮ್ಮ ಕಡೆ ಮಾತಲ್ಲಿ ತೆಲುಗು ಬೆರೆಯುತ್ತದೆ. ಕಥೆಯಲ್ಲಿ ಅದನ್ನು ತೆಗೆಯಬೇಕಾ?

ಉತ್ತರ: ಕಥೆ ಓದಿದೆ. ಪದಗಳನ್ನು ಸದ್ಯಕ್ಕೆ ಮುಟ್ಟಬೇಡಿ. ತೊಂದರೆ ಇರುವುದು ಅಲ್ಲಲ್ಲ.

ಮೊದಲ ಮೂರು ಪುಟ ಊರು, ಕೆರೆ, ಬೆಳಗಿನ ಮಂಜು. ಮನೆಯಲ್ಲಿ ಹುಳುವಿಗೆ ಹಾಕುವ ಹಿಪ್ಪುನೇರಳೆ ಸೊಪ್ಪು ಮುಗಿಯಿತು ಅನ್ನುವುದು ಬರುವುದೇ ಐದನೇ ಪುಟದಲ್ಲಿ. ಮಾತು ಬಿಟ್ಟ ಮೈದುನನ ತೋಟಕ್ಕೆ ಅಮ್ಮ ಸೊಪ್ಪು ಕೇಳಲು ಹೋಗುತ್ತಾಳಲ್ಲ, ನಿಮ್ಮ ಕಥೆ ಇರುವುದೇ ಅಲ್ಲಿ. ನಾಲ್ಕನೇ ಜ್ವರದಿಂದ, ಅಂದರೆ ಗೂಡು ಕಟ್ಟುವ ಮುಂಚೆ ಕೊನೆಯ ಸಲ ಪೊರೆ ಬಿಟ್ಟು ಎದ್ದ ಹುಳು ಹೇಗೆ ತಿನ್ನುತ್ತದೆ ಅಂತ ನಿಮಗೆ ಗೊತ್ತಲ್ವಾ? ಇಡೀ ಬೆಳೆಗೆ ಬೇಕಾಗುವ ಸೊಪ್ಪಿನಲ್ಲಿ ಶೇ 80ಕ್ಕಿಂತ ಜಾಸ್ತಿ ಆ ಕೊನೆಯ ಹಂತದಲ್ಲೇ ಖರ್ಚಾಗುತ್ತದೆ. ಹುಳು ಕಾಯುವುದಿಲ್ಲ, ಅಮ್ಮ ನಾಳೆ ಹೋಗುತ್ತೇನೆ ಅನ್ನುವ ಹಾಗಿಲ್ಲ. ಇಷ್ಟು ಬಿಗಿ ನಿಮ್ಮ ಕೈಯಲ್ಲೇ ಇದೆ. ಆದರೆ ಕಥೆಯಲ್ಲಿ ಅದು ಒಂದೇ ಸಾಲಿನಲ್ಲಿ ಮುಗಿದುಹೋಗಿದೆ.

ಹಾಗಾಗಿ ಸೊಪ್ಪು ಮುಗಿದ ರಾತ್ರಿಯಿಂದ ಶುರು ಮಾಡಿ. ಹಳೆಯ ಪ್ರತಿ ಹರಿಯಬೇಡಿ, ಪಕ್ಕಕ್ಕಿಡಿ. ಅದನ್ನು ನೋಡದೆ ಆ ಭಾಗವನ್ನು ಹೊಸದಾಗಿ ಬರೆಯಿರಿ. ನೋಡಿಕೊಂಡು ಬರೆದರೆ ಹಳೆಯ ವಾಕ್ಯಗಳೇ ವಾಪಸ್ ಬಂದು ಕೂರುತ್ತವೆ. ಊರಿನ ವರ್ಣನೆಯಲ್ಲಿ ಅಮ್ಮ ತೋಟಕ್ಕೆ ನಡೆಯುವಾಗ ಅವಳ ಕಣ್ಣಿಗೆ ಬೀಳುವಷ್ಟು ಮಾತ್ರ ಉಳಿಯಲಿ.

ಆಮೇಲೆ ವಿವರಣೆಯ ಸಾಲುಗಳನ್ನು ಹುಡುಕಿ. ಮೈದುನ ತಲೆ ಎತ್ತದೆ ಬೀಡಿ ಹಚ್ಚುತ್ತಾನೆ. ಅಮ್ಮ ಖಾಲಿ ಗೋಣಿಚೀಲವನ್ನು ಮತ್ತೆ ಮಡಿಸುತ್ತಾಳೆ. ತುಂಬಾ ಚೆನ್ನಾಗಿದೆ! ಅದರ ಹಿಂದೆಯೇ ‘ಅವಳಿಗೆ ಬಹಳ ಅವಮಾನವಾಯಿತು’ ಅಂತ ಬರೆದಿದ್ದೀರಿ. ಅದನ್ನು ಹೊಡೆದುಹಾಕಿ. ಚೀಲ ಮಡಿಸಿದಾಗಲೇ ಓದುಗರಿಗೆ ಗೊತ್ತಾಗಿರುತ್ತದೆ. ಇಂಥವು ಇನ್ನೂ ಐದಾರು ಕಡೆ ಇವೆ. ನಿಮ್ಮ ಬರವಣಿಗೆ ಮೇಲೆ ನಿಮಗೇ ನಂಬಿಕೆ ಇಲ್ಲದ ಕಡೆಯೇ ಅವು ಬಂದಿವೆ ಅನಿಸಿತು.

ತೆಲುಗು ಖಂಡಿತ ಇರಲಿ. ಕೋಲಾರ, ಚಿಕ್ಕಬಳ್ಳಾಪುರದ ಎಷ್ಟೋ ಮನೆಗಳಲ್ಲಿ ಎರಡೂ ಭಾಷೆ ಒಟ್ಟಿಗೇ ಓಡಾಡುತ್ತವೆ. ಅದನ್ನು ತೆಗೆದರೆ ಅತ್ತಿಗೆ, ಮೈದುನ ಇಬ್ಬರೂ ಪಠ್ಯಪುಸ್ತಕದ ಹಾಗೆ ಮಾತಾಡುತ್ತಾರೆ. ಆದರೆ ಎಲ್ಲ ಸಾಲಿಗೂ ಸುಮ್ನೆ ಬೆರೆಸಬೇಡಿ. ಸಿಟ್ಟು ಬಂದಾಗ, ಸಲುಗೆ ಹೆಚ್ಚಾದಾಗ ಯಾರ ಬಾಯಲ್ಲಿ ಯಾವುದು ಬರುತ್ತದೆ ಅಂತ ಮನೆಯಲ್ಲೇ ಕಿವಿಗೊಟ್ಟು ಕೇಳಿ. ಅರ್ಥವನ್ನು ಪಕ್ಕದಲ್ಲಿ ಬರೆಯುವುದು ಬೇಡ, ಎದುರಿನವರ ಉತ್ತರದಿಂದ ತಿಳಿಯುವಂತಿರಲಿ. ಸಂಭಾಷಣೆಯನ್ನು ಒಮ್ಮೆ ಜೋರಾಗಿ ಓದಿ. ನಾಲಿಗೆ ತಡವರಿಸಿದ ಕಡೆ ಗೆರೆ ಹಾಕಿಕೊಳ್ಳಿ.

ಕಾಗುಣಿತ, ಪದಗಳ ಆಯ್ಕೆ ಎಲ್ಲಾ ಕೊನೆಗೆ. ಮುಗಿದ ಮೇಲೆ ಒಬ್ಬರಿಗೆ ಓದಲು ಕೊಡಿ. ‘ಹೇಗಿದೆ?’ ಅಂತ ಕೇಳಿದರೆ ಚೆನ್ನಾಗಿದೆ ಅಂದುಬಿಡುತ್ತಾರೆ. ಎಲ್ಲಿ ಬೇಜಾರಾಯಿತು, ಎಲ್ಲಿ ಗೊತ್ತಾಗಲಿಲ್ಲ ಅಂತ ಕೇಳಿ. ಅವರು ಹೇಳುವ ಪರಿಹಾರವನ್ನು ನೀವು ಒಪ್ಪಬೇಕಾಗಿಲ್ಲ, ತೋರಿಸಿದ ಜಾಗವನ್ನು ಮಾತ್ರ ಇನ್ನೊಮ್ಮೆ ನೋಡಿ.