ಕಪ್ಪೆ ಲೂರ್‌ಗೆ ಕೊರವ ಮೀನು ಏಕೆ ಸಿಕ್ಕಿಕೊಳ್ಳುವುದಿಲ್ಲ?

ಪ್ರಶ್ನೆ: ಕಾರಂಜಾ ಹಿನ್ನೀರಿನ ಜೊಂಡಿನಲ್ಲಿ ರಬ್ಬರ್ ಕಪ್ಪೆ ಲೂರ್ (ಗಾಳವಿರುವ ಕೃತಕ ಆಮಿಷ) ಎಸೆದರೆ ಕೊರವ ಮೀನು ಬಾಯಿ ಹಾಕುತ್ತದೆ, ಆದರೆ ಸಿಗುವುದಿಲ್ಲ. ಮಳೆಗೆ ನೀರು ಕೆಂಪಾದರೆ ಬಾಯಿಯೂ ಹಾಕುವುದಿಲ್ಲ. ಏನು ಬದಲಿಸಬೇಕು? – ಓದುಗರು, ಭಾಲ್ಕಿ

ಉತ್ತರ: ಮೊದಲು ದಾರ ನೋಡಿ. ನೈಲಾನ್ ದಾರ ಹಿಗ್ಗುತ್ತದೆ. ನೀವು ಎಳೆದ ಬಲ ಗಾಳಕ್ಕೆ ಪೂರ್ತಿ ಮುಟ್ಟುವುದಿಲ್ಲ. ಕೊರವದ ಬಾಯಿ ಗಟ್ಟಿ ಮೂಳೆ. ಜೊಂಡಿಗೆ 40 ಪೌಂಡ್ ಭಾರ ತಡೆಯುವ ಬ್ರೇಡ್ (ಹೆಣೆದ) ದಾರ, 7 ಅಡಿಯ ಮೀಡಿಯಂ ಹೆವಿ (ತುಸು ಗಡುಸಾದ) ರಾಡ್ ಇರಲಿ. ಕಪ್ಪೆಯ ಎರಡೂ ಗಾಳಗಳು ಮೈಗೆ ತೀರಾ ಅಂಟಿಕೊಂಡಿದ್ದರೆ ಇಕ್ಕಳದಿಂದ ತುಸು ಹೊರಕ್ಕೆ ಬಾಗಿಸಿ. ಅತಿಯಾದರೆ ಜೊಂಡಿಗೆ ಸಿಕ್ಕುತ್ತದೆ. ಒಳಗೆ ನೀರು ತುಂಬಿದ ಕಪ್ಪೆ ಮುಳುಗುತ್ತದೆ, ಆಗಾಗ ಹಿಂಡಿ.

ಎಲ್ಲಕ್ಕಿಂತ ದೊಡ್ಡ ತಪ್ಪು ಅವಸರ. ನೀರು ಚಿಮ್ಮಿದ ಕೂಡಲೇ ಎಳೆದರೆ ಲೂರ್ ಬಾಯಿಂದ ಜಾರುತ್ತದೆ. ರಾಡ್ ತುದಿ ತಗ್ಗಿಸಿ, ಸಡಿಲ ದಾರ ಸುತ್ತಿಕೊಳ್ಳಿ, ಮೀನಿನ ಭಾರ ಕೈಗೆ ತಿಳಿದ ಮೇಲೆ ಜೋರಾಗಿ ಎತ್ತಿ.

ಕೆಂಪು ನೀರಿನಲ್ಲಿ ಮೀನು ಕಣ್ಣಿಗಿಂತ ನೀರಿನ ಅದುರುವಿಕೆಯನ್ನು ನೆಚ್ಚುತ್ತದೆ. ತಗಡು ತಿರುಗುವ ಸ್ಪಿನ್ನರ್‌ಬೇಟ್ ಅಥವಾ ಕಪ್ಪು ಬಣ್ಣದ ಲೂರನ್ನು ದಂಡೆಯ ಅಂಚಿನಲ್ಲಿ ನಿಧಾನವಾಗಿ ಎಳೆಯಿರಿ. ಚಳಿಗಾಲದ ತಿಳಿನೀರಿಗೆ 7 ಸೆಂ.ಮೀ. ಮೆತ್ತನೆಯ ಮೀನು ಲೂರ್, 5 ಗ್ರಾಂ ತೂಕ ಸಾಕು.

ಮಳೆಗಾಲದಲ್ಲಿ ಕೆಂಪು ಮರಿಗಳ ಗುಂಪು ನೀರ ಮೇಲೆ ಕುದಿಯುವಂತೆ ಕಂಡರೆ ಅಲ್ಲಿ ಎಸೆಯಲೇಬೇಡಿ. ಕೆಳಗೆ ಕಾವಲಿರುವ ತಂದೆ-ತಾಯಿ ಕೋಪಕ್ಕೇ ಕಚ್ಚುತ್ತವೆ. ಅವನ್ನು ಹಿಡಿದರೆ ಮರಿಗಳನ್ನು ಬೇರೆ ಮೀನುಗಳು ತಿಂದು ಮುಗಿಸುತ್ತವೆ. ಜಲಾಶಯದಲ್ಲಿ ಮೀನು ಹಿಡಿಯುವ ಅನುಮತಿಯನ್ನು ಬೀದರ್‌ನ ಮೀನುಗಾರಿಕೆ ಇಲಾಖೆಯಲ್ಲಿ ಮೊದಲೇ ವಿಚಾರಿಸಿ.