ಕತ್ತೆ ವಯಸ್ಸಿಗೆ ಕುದುರೆಮರಿ

ಓದುಗರೊಬ್ಬರಿಂದ ನಾಲ್ಕು ಪುಟದ ಪತ್ರ ಬಂದಿದೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಸಾರ ಇಷ್ಟು: ಅವರ ತಮ್ಮನಿಗೆ 34 ವರ್ಷ, ಅಕ್ಕನ ಮನೆಯಲ್ಲೇ ಇದ್ದಾನೆ. ಒಳ್ಳೆಯ ಕೆಲಸ, ಯಾರ ತಂಟೆಗೂ ಹೋಗದ ಮನುಷ್ಯ. ಆದರೆ ‘ಮೈ ಲಿಟ್ಲ್ ಪೋನಿ’ ಅನ್ನುವ ಮಕ್ಕಳ ಕಾರ್ಟೂನ್ ಅಂದರೆ ಅವನಿಗೆ ಪ್ರಾಣ. ಎಲ್ಲಾ ಎಪಿಸೋಡೂ ನೋಡಿದ್ದಾನೆ, ಕೆಲವನ್ನು ಹತ್ತು ಹನ್ನೆರಡು ಸಲ. ಗಾಜಿನ ಬೀರುವಿನ ತುಂಬ ಬಣ್ಣಬಣ್ಣದ ಕುದುರೆ ಗೊಂಬೆಗಳು. ಮನೆಗೆ ಯಾರಾದರೂ ಬಂದರೆ ಅಕ್ಕ ಓಡಿಹೋಗಿ ಆ ಬೀರುವಿಗೆ ಬೆಡ್‌ಶೀಟ್ ಹೊದಿಸುತ್ತಾರೆ. “ಕತ್ತೆ ವಯಸ್ಸಾದವನಿಗೆ ಕುದುರೆಮರಿ ಹುಚ್ಚು. ಇದೇನು ಕಾಯಿಲೆಯಾ ಸಾರ್?” ಅಂತ ಕೇಳಿದ್ದಾರೆ. ಕೊನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ, ಎಂಟು ವರ್ಷದ ಮಗಳ ಮಾತೂ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಕಾಯಿಲೆ ಅಲ್ಲ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಕೊನೆಯವರೆಗೂ ಉಸಿರು ಬಿಗಿಹಿಡಿದು ಓದುತ್ತೀರಿ. ಇನ್ನೊಂದು ಮಾತು, ಪೋನಿ ಅಂದರೆ ಕುದುರೆಮರಿ ಅಲ್ಲ. ತಟ್ಟು ಕುದುರೆ. ಎಷ್ಟು ವಯಸ್ಸಾದರೂ ಗಿಡ್ಡವಾಗಿಯೇ ಇರುವ ಜಾತಿ ಅದು.

ಈಗ ಈ ‘ಮಕ್ಕಳದ್ದು’ ಅನ್ನುವ ಚೀಟಿಯ ಬಗ್ಗೆ. ಅದನ್ನು ಅಂಟಿಸಿದವರು ಯಾರು? ಟಾಮ್ ಅಂಡ್ ಜೆರ್ರಿ ತೆಗೆದುಕೊಳ್ಳಿ. 1940ರಲ್ಲಿ ಶುರುವಾದಾಗ ಅದು ಮಕ್ಕಳ ಕಾರ್ಯಕ್ರಮವೇ ಆಗಿರಲಿಲ್ಲ. ಚಿತ್ರಮಂದಿರಗಳಲ್ಲಿ ದೊಡ್ಡ ಸಿನಿಮಾ ಶುರುವಾಗುವ ಮುಂಚೆ ಏಳೆಂಟು ನಿಮಿಷ ತೋರಿಸುತ್ತಿದ್ದ ಚಿತ್ರ. ದಿನವಿಡೀ ದುಡಿದು ಬಂದ ಗಂಡಸರು ಹೆಂಗಸರು ಕೂತು ಬಿದ್ದು ಬಿದ್ದು ನಗುತ್ತಿದ್ದರು. ಆ ಬೆಕ್ಕು-ಇಲಿಗೆ ಏಳು ಆಸ್ಕರ್ ಬಂದಿದೆ. ಆಮೇಲೆ ಮನೆಮನೆಗೆ ಟೀವಿ ಬಂತು, ಹಳೆಯ ರೀಲುಗಳನ್ನು ಮಕ್ಕಳು ನೋಡುವ ಹೊತ್ತಿಗೆ ಹಾಕಿದರು, ಅಲ್ಲಿಂದಾಚೆ ಅದು ಮಕ್ಕಳದ್ದಾಯಿತು. ಬೆಕ್ಕು ಅದೇ, ಇಲಿ ಅದೇ, ಏಟೂ ಅದೇ. ಇನ್ನು 1969ರಲ್ಲಿ ಶುರುವಾದ ‘ಸೆಸಮಿ ಸ್ಟ್ರೀಟ್’ ಅನ್ನುವ ಅಮೆರಿಕದ ಟೀವಿ ಕಾರ್ಯಕ್ರಮ ನೋಡಿ. ಅದು ಶಾಲೆಗೆ ಇನ್ನೂ ಸೇರದ ಪುಟಾಣಿಗಳಿಗೆ ಅಂತಲೇ ಮಾಡಿದ್ದು. ಆದರೆ ಅಪ್ಪ ಅಮ್ಮನೂ ಪಕ್ಕದಲ್ಲಿ ಕೂತು ನೋಡಲಿ ಅಂತ, ಬೇಕೆಂದೇ ದೊಡ್ಡವರಿಗೆ ಮಾತ್ರ ತಿಳಿಯುವ ತಮಾಷೆಗಳನ್ನು ಸೇರಿಸಿದರು. ಅಂದರೆ ದೊಡ್ಡವರಿಗೂ ಒಂದು ಕುರ್ಚಿ ಹಾಕಿಯೇ ಇತ್ತು. ಕೂತರೆ ತಪ್ಪೇನು?

ನಿಮ್ಮ ತಮ್ಮನಂಥವರು ಇನ್ನೆಲ್ಲೂ ಇಲ್ಲ ಅಂದುಕೊಂಡ ಹಾಗಿದೆ ನೀವು. ಅವನಂಥವರಿಗೆ ಹೆಸರೇ ಇದೆ, ‘ಬ್ರೋನಿ’. ‘ಬ್ರೋ’ಗೆ ‘ಪೋನಿ’ ಸೇರಿಸಿ ಕಟ್ಟಿಕೊಂಡ ಪದ. ಕತೆ ಸ್ವಾರಸ್ಯವಾಗಿದೆ, ಕೇಳಿ. ಹ್ಯಾಸ್‌ಬ್ರೋ ಅನ್ನುವ ಆಟಿಕೆ ಕಂಪನಿ 1980ರ ದಶಕದಿಂದ ಈ ಕುದುರೆಗಳನ್ನು ಮಾರುತ್ತಿತ್ತು. ಚಿಕ್ಕವಳಿದ್ದಾಗ ಅವುಗಳ ಜೊತೆ ಆಡಿ ಬೆಳೆದ ಲಾರೆನ್ ಫೌಸ್ಟ್ ಅನ್ನುವ ಆನಿಮೇಷನ್ ಕಲಾವಿದೆಗೆ ಹೊಸ ಸರಣಿಯೊಂದನ್ನು ಕಟ್ಟುವ ಕೆಲಸ ಸಿಕ್ಕಿತು. ಹುಡುಗಿಯರ ಕಾರ್ಟೂನ್ ಅಂದರೆ ಸಪ್ಪೆ, ಬರೀ ಟೀ ಪಾರ್ಟಿ ಮತ್ತು ಕಿಲಕಿಲ ಅನ್ನುವ ಹೆಸರನ್ನು ಅಳಿಸಬೇಕು ಅಂತ ಆಕೆಗೆ ಹಟ. 2010ರ ಅಕ್ಟೋಬರ್‌ನಲ್ಲಿ ಸರಣಿ ಶುರುವಾಯಿತು. ಅದೇ ಹೊತ್ತಿಗೆ ಒಬ್ಬ ವಿಮರ್ಶಕರು, ಆಟಿಕೆ ಮಾರಲಿಕ್ಕೆ ಮಾಡುವ ಇಂಥ ಕಾರ್ಟೂನು ಬಂತು ಅಂದರೆ ಕಲಾವಿದರ ಸ್ವಂತ ಕಲ್ಪನೆಯ ಕಾಲ ಮುಗಿಯಿತು ಅಂತ ಬರೆದರು. ಅದನ್ನು ಓದಿದ ಒಂದಷ್ಟು ಹುಡುಗರು, ಎಷ್ಟು ಕೆಟ್ಟದಾಗಿದೆ ನೋಡಿ ನಗೋಣ ಅಂತ ಕೂತರು. ಕೂತವರು ಏಳಲಿಲ್ಲ. ಗೇಲಿ ಮಾಡಲು ಹೋದವರೇ ಮುಂದಿನ ವಾರದ ಎಪಿಸೋಡಿಗೆ ಕಾಯತೊಡಗಿದರು. 2011ರಲ್ಲಿ ನ್ಯೂಯಾರ್ಕ್‌ನಲ್ಲಿ ಅವರ ಮೊದಲ ಸಮ್ಮೇಳನ ನಡೆದಾಗ ಸೇರಿದ್ದು ಸುಮಾರು ನೂರು ಜನ. 2019ರಲ್ಲಿ ಬಾಲ್ಟಿಮೋರ್‌ನಲ್ಲಿ ಕೊನೆಯದು ನಡೆದಾಗ ಹತ್ತು ಸಾವಿರ ದಾಟಿತ್ತು. ಅದೇ ವರ್ಷ ಸರಣಿಯೂ ಒಂಬತ್ತು ಸೀಸನ್ ಮುಗಿಸಿ ನಿಂತಿತು.

ಒಂದು ಕಹಿ ಮಾತು ಹೇಳಲಾ? ನಿಮಗೆ ಚಿಂತೆ ಹುಟ್ಟಿಸಿರುವುದು ಕಾರ್ಟೂನ್ ಅಲ್ಲ, ಆ ಕುದುರೆಗಳ ಗುಲಾಬಿ ಬಣ್ಣ. ಅದೇ ಹ್ಯಾಸ್‌ಬ್ರೋ ಅದೇ ದಶಕದಲ್ಲಿ ಟ್ರಾನ್ಸ್‌ಫಾರ್ಮರ್ಸ್ ಅಂತ ಲಾರಿಗಳು ರೋಬೋಟ್ ಆಗುವ ಆಟಿಕೆಗಳನ್ನೂ ಮಾರುತ್ತಿತ್ತು, ಅದಕ್ಕೂ ಕಾರ್ಟೂನ್ ಇತ್ತು, ಅದೂ ಆಟಿಕೆ ಮಾರಲಿಕ್ಕೇ ಮಾಡಿದ್ದು. ನಲವತ್ತು ದಾಟಿದ ಗಂಡಸರು ಆ ರೋಬೋಟುಗಳ ಸಿನಿಮಾಕ್ಕೆ ಸಾಲಾಗಿ ನಿಂತು ಟಿಕೆಟ್ ತಗೊಂಡಿದ್ದಾರೆ. ನಾನು ಇಷ್ಟು ವರ್ಷದಲ್ಲಿ ‘ನಮ್ಮ ಯಜಮಾನರು ರೋಬೋಟ್ ಸಿನಿಮಾ ನೋಡುತ್ತಾರೆ, ಕಾಯಿಲೆಯಾ’ ಅಂತ ಕೇಳಿದ ಒಂದು ಪತ್ರವನ್ನೂ ನೋಡಿಲ್ಲ. ನಿಮ್ಮ ತಮ್ಮನ ಬೀರುವಿನಲ್ಲಿ ಲೋಹದ ಬಣ್ಣದ ರೋಬೋಟುಗಳಿದ್ದಿದ್ದರೆ ಬೆಡ್‌ಶೀಟ್ ಹೊದಿಸುತ್ತಿದ್ದಿರಾ? ಸುಮ್ನೆ ಯೋಚಿಸಿ ನೋಡಿ.

ಯಾಕೆ ನೋಡುತ್ತಾನೆ ಅಂತ ಕೇಳಿದ್ದೀರಿ. ಅವನನ್ನೇ ಕೇಳಬಹುದಿತ್ತು, ಅಲ್ವಾ? ಇರಲಿ. ನನಗೆ ತೋಚಿದ್ದು ಹೇಳುತ್ತೇನೆ. ಆ ಸರಣಿಯಲ್ಲಿ ಫ್ಲಟರ್‌ಶೈ ಅಂತ ಒಂದು ಕುದುರೆ ಇದೆ. ಮಾತಾಡಲು ಹೆದರಿಕೆ, ತನ್ನ ಹೆಸರು ಹೇಳಲೂ ದನಿ ಏಳುವುದಿಲ್ಲ. ದೊಡ್ಡವರಿಗಾಗಿ ಮಾಡುವ ಕತೆಗಳಲ್ಲಿ ಇಂಥವರು ಸಾಮಾನ್ಯವಾಗಿ ಗೇಲಿಗೆ ಸಿಗುತ್ತಾರೆ, ಇಲ್ಲವೇ ಕೊನೆಗೆ ಕೊಲೆ ಮಾಡುತ್ತಾರೆ. ಇಲ್ಲಿ ಅವಳ ಜೊತೆಗಾರರು ಅವಳು ಮಾತು ಮುಗಿಸುವವರೆಗೆ ಕಾಯುತ್ತಾರೆ, ಅಷ್ಟೇ. ‘ಯಾರ ತಂಟೆಗೂ ಹೋಗದ ಮನುಷ್ಯ’ ಅಂತ ನೀವೇ ಬರೆದಿದ್ದೀರಲ್ಲ. ಅಂಥವನಿಗೆ ಅದನ್ನು ನೋಡಿದಾಗ ಏನನ್ನಿಸಬಹುದು ಅಂತ ಅಕ್ಕನಿಗೆ ನಾನು ಹೇಳಬೇಕಾ?

ಲೆಗೊ ಅನ್ನುವ ಪ್ಲಾಸ್ಟಿಕ್ ಆಟಿಕೆ ಇಟ್ಟಿಗೆ ಜೋಡಿಸುವ ದೊಡ್ಡವರ ಬಳಗದಲ್ಲಿ ಒಂದು ಮಾತು ಬಳಕೆಯಲ್ಲಿದೆ, ‘ಡಾರ್ಕ್ ಏಜ್’. ಕತ್ತಲ ಯುಗ. ಹದಿಹರೆಯದಲ್ಲಿ ನಾಚಿಕೆಯಿಂದ ಲೆಗೊ ಬಿಟ್ಟು, ಮತ್ತೆ ದೊಡ್ಡವರಾದ ಮೇಲೆ ಹಿಡಿಯುವವರೆಗಿನ ವರ್ಷಗಳಿಗೆ ಅವರು ಇಟ್ಟ ಹೆಸರು. ‘ನನ್ನ ಕತ್ತಲ ಯುಗ ಹದಿನೈದು ವರ್ಷ’ ಅಂತೆಲ್ಲ ಹೇಳಿಕೊಳ್ಳುತ್ತಾರೆ. ಆ ನಾಚಿಕೆಯನ್ನು ಕಂಪನಿಯೂ ಅರ್ಥ ಮಾಡಿಕೊಂಡಿತು. 2020ರಿಂದ ಕೆಲವು ಡಬ್ಬಿಗಳ ಮೇಲೆ ‘18+’ ಅಂತ ಹಾಕಿ, ಕಪ್ಪು ಬಣ್ಣ ಬಳಿದು, ಗಂಭೀರವಾದ ವಸ್ತುವಿನ ಹಾಗೆ ಮಾರತೊಡಗಿತು. ಒಳಗಿರುವುದು ಅದೇ ಇಟ್ಟಿಗೆ! ವ್ಯಾಪಾರಿಗಳು ಜಾಣರು ಬಿಡಿ.

ಇಂಥ ಹುಚ್ಚಿನಿಂದ ಲಾಭವಾದದ್ದೂ ಇದೆ. ಬಿಬಿಸಿಯ ‘ಡಾಕ್ಟರ್ ಹೂ’ ಅನ್ನುವ ವೈಜ್ಞಾನಿಕ ಕಲ್ಪನೆಯ ಟೀವಿ ಸರಣಿ 1963ರಲ್ಲಿ ಶುರುವಾದದ್ದು ಮನೆಮಂದಿಗೆಲ್ಲ, ಮುಖ್ಯವಾಗಿ ಮಕ್ಕಳಿಗೆ ಅಂತ. ಟೇಪ್ ದುಬಾರಿ, ಇಡಲು ಜಾಗ ಇಲ್ಲ, ಹಳೆಯದನ್ನು ಮತ್ತೆ ಯಾರು ನೋಡುತ್ತಾರೆ ಅಂತ ಬಿಬಿಸಿಯವರೇ ಹಳೆಯ ಟೇಪುಗಳನ್ನು ಅಳಿಸಿಹಾಕಿದರು. 1960ರ ದಶಕದ ತೊಂಬತ್ತಕ್ಕೂ ಹೆಚ್ಚು ಎಪಿಸೋಡುಗಳ ಚಿತ್ರ ಇವತ್ತಿಗೂ ಸಿಕ್ಕಿಲ್ಲ. ಆದರೆ ಅಷ್ಟೂ ಎಪಿಸೋಡುಗಳ ದನಿ ಉಳಿದಿದೆ. ಯಾಕೆ ಗೊತ್ತಾ? ಅವತ್ತಿನ ಕೆಲವು ಅಭಿಮಾನಿಗಳು ಟೀವಿ ಎದುರು ಟೇಪ್ ರೆಕಾರ್ಡರ್ ಇಟ್ಟುಕೊಂಡು, ಮನೆಯವರಿಗೆಲ್ಲ ಸುಮ್ಮನಿರಿ ಅಂತ ಗದರಿಸಿ, ವಾರವಾರವೂ ದನಿ ಹಿಡಿದಿಟ್ಟಿದ್ದರು. ಆ ದನಿಗೆ ಈಗ ಆನಿಮೇಷನ್ ಕೂಡಿಸಿ ಕೆಲವನ್ನು ಮತ್ತೆ ಬಿಡುಗಡೆ ಮಾಡಿದ್ದಾರೆ. ಮುಂದೆ ಆ ಸರಣಿಯನ್ನು ನಡೆಸಿದವರೂ ಅದನ್ನು ನೋಡುತ್ತಲೇ ಬೆಳೆದ ಅಭಿಮಾನಿಗಳೇ.

ಇಲ್ಲಿಯವರೆಗೆ ನಿಮ್ಮ ತಮ್ಮನ ಪರ ವಕೀಲಿಕೆ ಮಾಡಿದೆ. ಇನ್ನು ಆ ಸಣ್ಣ ಅಕ್ಷರದ ಮಾತಿಗೆ ಬರುತ್ತೇನೆ. ನನಗೆ ಚಿಂತೆ ಹುಟ್ಟಿಸಿದ್ದು ಅದು.

ನೀವು ಬರೆದದ್ದು ಇದು. ಮಗಳಿಗೂ ಆ ಕಾರ್ಟೂನ್ ಇಷ್ಟ. ಮಾವನ ಜೊತೆಗೇ ಕೂತು ನೋಡುತ್ತಿದ್ದಳು. ಅವಳು ಯಾವುದೋ ಕುದುರೆಯ ಹೆಸರು ತಪ್ಪು ಹೇಳಿದರೆ ಮಾವ ತಿದ್ದುತ್ತಾನೆ. ಅವಳೇ ಒಂದು ಕತೆ ಕಟ್ಟಿ ಹೇಳಿದರೆ, ‘ಹಾಗಾಗೋಕೆ ಸಾಧ್ಯವಿಲ್ಲ, ಮೂರನೇ ಸೀಸನ್‌ನಲ್ಲಿ ಬೇರೆ ಥರ ಹೇಳಿದ್ದಾರೆ’ ಅನ್ನುತ್ತಾನೆ. ಒಂದು ಸಲ ಅವಳು ಬೀರು ತೆಗೆದು, ಡಬ್ಬಿ ಬಿಚ್ಚಿ, ಗೊಂಬೆಯ ಬಾಲ ಬಾಚಿದಳು. ಮಾವ ಎರಡು ದಿನ ಮಾತು ಬಿಟ್ಟ. ಈಗ ಮಗಳು ‘ಅದು ಮಾವಂದು’ ಅಂದುಬಿಟ್ಟು ಆ ಕಾರ್ಟೂನ್ ನೋಡುವುದನ್ನೇ ನಿಲ್ಲಿಸಿದ್ದಾಳೆ.

ಇದು ನಿಮ್ಮ ಮನೆಯಲ್ಲಿ ಮಾತ್ರ ನಡೆದದ್ದಲ್ಲ. ಅಮೆರಿಕದ ಸೂಪರ್‌ಹೀರೋ ಕಾಮಿಕ್ಸಿಗೆ ಹೀಗೇ ಆಯಿತು. 1938ರಲ್ಲಿ ಸೂಪರ್‌ಮ್ಯಾನ್ ಬಂದಾಗ ಪತ್ರಿಕೆ ಮಾರುವ ಅಂಗಡಿಯಲ್ಲಿ ಮಕ್ಕಳು ಪುಡಿಕಾಸು ಕೊಟ್ಟು ಕೊಳ್ಳುತ್ತಿದ್ದ ಪುಸ್ತಕ ಅದು. ಓದಿದವರು ದೊಡ್ಡವರಾದರು, ಬಿಡಲಿಲ್ಲ. 1970ರ ದಶಕದಿಂದ ಕಾಮಿಕ್ಸಿಗೇ ಬೇರೆ ಅಂಗಡಿಗಳು ಬಂದವು, ಬೆಲೆ ಏರಿತು, ಕತೆ ದೊಡ್ಡವರಿಗೆ ತಕ್ಕಂತೆ ಕಪ್ಪಾಯಿತು, ಹಿಂದಿನ ಇಪ್ಪತ್ತು ವರ್ಷದ ಸಂಚಿಕೆ ಓದಿರದಿದ್ದರೆ ಈ ತಿಂಗಳದ್ದು ಅರ್ಥವಾಗದು ಅನ್ನುವ ಹಾಗಾಯಿತು. ಮಗು ಬಾಗಿಲಲ್ಲೇ ನಿಂತಿತು. ಯಾರೂ ಅದನ್ನು ಹೊರಗೆ ಹಾಕಲಿಲ್ಲ, ಒಳಗೆ ಕೂರಲು ಜಾಗ ಇರಲಿಲ್ಲ ಅಷ್ಟೇ.

ಕುದುರೆ ಕಾರ್ಟೂನಿನಲ್ಲೂ ಒಂದು ಪ್ರಸಂಗ ಇದೆ, ನಿಮ್ಮ ತಮ್ಮನಿಗೆ ಚೆನ್ನಾಗಿ ಗೊತ್ತಿರುತ್ತದೆ. ಮೊದಲ ಎಪಿಸೋಡಿನ ಗುಂಪಿನಲ್ಲಿ ಒಂದು ಕುದುರೆಯ ಎರಡು ಕಣ್ಣು ಎರಡು ದಿಕ್ಕಿಗೆ ಇದ್ದವು. ಕೈತಪ್ಪಿನಿಂದ ಆದದ್ದು. ದೊಡ್ಡ ಅಭಿಮಾನಿಗಳು ಅದನ್ನು ಹಿಡಿದು, ‘ಡರ್ಪಿ’ ಅಂತ ಹೆಸರಿಟ್ಟು ತಲೆ ಮೇಲೆ ಹೊತ್ತರು. ತಯಾರಕರೂ ಖುಷಿಯಿಂದ ಅದನ್ನು ಅಲ್ಲಲ್ಲಿ ತೋರಿಸತೊಡಗಿದರು. 2012ರ ಜನವರಿಯಲ್ಲಿ ಅದೇ ಹೆಸರಲ್ಲಿ ಕರೆದು, ತೊದಲು ದನಿ ಕೊಟ್ಟು ಮಾತಾಡಿಸಿದರು. ಬೀದಿ ಮಾತಿನಲ್ಲಿ ಡರ್ಪಿ ಅಂದರೆ ಪೆದ್ದು. ಬುದ್ಧಿ ಬೆಳವಣಿಗೆ ನಿಧಾನವಾದ ಮಕ್ಕಳನ್ನು ಆಡಿಕೊಂಡ ಹಾಗಿದೆ ಅಂತ ದೂರು ಬಂತು. ಕಂಪನಿ ಹೆಸರು ತೆಗೆದು, ದನಿ ಬದಲಿಸಿ, ಕಣ್ಣಿನ ವಾರೆಯನ್ನೂ ಕಡಿಮೆ ಮಾಡಿತು. ಆಗ ಅಭಿಮಾನಿಗಳು ನಮ್ಮ ಡರ್ಪಿಯನ್ನು ವಾಪಸ್ ಕೊಡಿ ಅಂತ ಗಲಾಟೆ ಎಬ್ಬಿಸಿದರು. ಅವರಿಗೆ ಆ ಕುದುರೆಯ ಮೇಲೆ ನಿಜವಾದ ಅಕ್ಕರೆ ಇತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಶಾಲೆಯಲ್ಲಿ ಆ ಹೆಸರಿಂದ ಕರೆಸಿಕೊಳ್ಳುವ ಮಗುವಿನ ಕಡೆಯಿಂದ ಒಂದು ಸಲ ನೋಡಬಹುದಿತ್ತು. ನನ್ನ ಮಟ್ಟಿಗೆ ಕಂಪನಿ ಮಾಡಿದ್ದು ಸರಿ. ನಿಮ್ಮ ತಮ್ಮ ಒಪ್ಪದಿದ್ದರೆ ಪತ್ರ ಬರೆಯಲಿ, ಅಚ್ಚು ಹಾಕುತ್ತೇನೆ.

ಇನ್ನೂ ಒಂದು ಇದೆ, ಉದ್ದ ಮಾಡುವುದಿಲ್ಲ. ಕೆಲವು ದೊಡ್ಡ ಅಭಿಮಾನಿಗಳು ಈ ಪಾತ್ರಗಳನ್ನು ಹಿಡಿದು ಮಕ್ಕಳು ನೋಡಬಾರದ ಚಿತ್ರಗಳನ್ನು ಬರೆಯುತ್ತಾರೆ. ಹುಡುಕಿದರೆ ಸಿಗುತ್ತವೆ, ಹುಡುಕದೆಯೂ ಸಿಗುತ್ತವೆ. ನಿಮ್ಮ ತಮ್ಮ ಅಂಥವನು ಅಂತ ನಾನು ಹೇಳುತ್ತಿಲ್ಲ, ಹೆಚ್ಚಿನವರು ಅಂಥವರಲ್ಲ. ಮಗಳು ಆ ಹೆಸರುಗಳನ್ನು ಫೋನಿನಲ್ಲಿ ಒಬ್ಬಳೇ ಹುಡುಕದ ಹಾಗೆ ನೋಡಿಕೊಳ್ಳಿ. ಯಾವ ಜಾಗ ಕೆಟ್ಟದ್ದು ಅಂತ ತಮ್ಮನಿಗೆ ನಮ್ಮೆಲ್ಲರಿಗಿಂತ ಜಾಸ್ತಿ ಗೊತ್ತಿರುತ್ತದೆ, ಕಾವಲಿಗೆ ಅವನನ್ನೇ ಹಾಕಿ.

ಹಾಗಾದರೆ ಏನು ಮಾಡಬೇಕು? ಬೆಡ್‌ಶೀಟ್ ತೆಗೆಯಿರಿ. ಅದು ಮೊದಲ ಕೆಲಸ. ನೀವು ಮುಚ್ಚಿಡುವ ವಸ್ತುವನ್ನು ಅವನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತಾನೆ, ಎಲ್ಲೂ ಗೌರವ ಸಿಗದವನಿಗೆ ಎಂಟು ವರ್ಷದ ಹುಡುಗಿಯ ಮುಂದಾದರೂ ಪಂಡಿತನಾಗುವ ಆಸೆ ಹುಟ್ಟುತ್ತದೆ. ಬೀರು ಅವನದೇ, ಡಬ್ಬಿ ಬಿಚ್ಚದೆ ಇಡುವುದೂ ಅವನಿಷ್ಟ. ಮಗು ಕೇಳದೆ ಮುಟ್ಟಿದ್ದು ತಪ್ಪೇ. ಆದರೆ ಆ ಗೊಂಬೆಗೆ ಅಷ್ಟುದ್ದ ಕೂದಲಿನ ಬಾಲ ಇಟ್ಟಿರುವುದು ಮಕ್ಕಳು ಬಾಚಲಿ ಅಂತಲೇ. ಇಷ್ಟು ತಿಳಿದವನಿಗೆ ಅದು ತಿಳಿಯಲಿಲ್ಲವಾ? ಅವಳಿಗೆ ಅಂತ ಎರಡು ಗೊಂಬೆ ತಂದುಕೊಡಲಿ, ಅವುಗಳ ಬಾಲ ಕಿತ್ತು ಬಂದರೂ ಬಾಯಿ ಬಿಡದಿರಲಿ.

ತಿದ್ದುವ ವಿಷಯ ಅವನಿಗೆ ಹೇಳುವುದು ಹೇಗೆ ಅಂತ ಕೇಳಿದ್ದೀರಿ. ಈ ಉತ್ತರದ ಶುರುವಿನಲ್ಲಿ ನಾನು ‘ಕುದುರೆಮರಿ ಅಲ್ಲ, ತಟ್ಟು ಕುದುರೆ’ ಅಂದೆನಲ್ಲ. ನಿಮಗೆ ಹೇಗನ್ನಿಸಿತು? ಯಾರು ಕೇಳಿದ್ದರು ಇವನನ್ನ ಅನ್ನಿಸಿರಬೇಕು. ಆ ಸಾಲನ್ನು ಅವನಿಗೆ ಓದಿ ತೋರಿಸಿ.

ನನ್ನದೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮೋಸವಾಗುತ್ತದೆ. ನಮ್ಮ ಮನೆಗೆ ಒಂದು ಮಕ್ಕಳ ಮಾಸಿಕ ಬರುತ್ತದೆ, ಚಂದಾ ಮಗನ ಹೆಸರಲ್ಲಿದೆ. ಮಗ ಮನೆ ಬಿಟ್ಟು ಬೇರೆ ಊರಿಗೆ ಹೋಗಿ ಆರು ವರ್ಷವಾಯಿತು. ಪ್ರತಿ ವರ್ಷ ಚಂದಾ ಕಟ್ಟುವಾಗ ವಯಸ್ಸಿನ ಜಾಗದಲ್ಲಿ ‘11’ ಅಂತಲೇ ಬರೆಯುತ್ತೇನೆ.

ಪತ್ರದ ಹಿಂಬದಿಯಲ್ಲಿ, ‘ನಾನೂ ಒಮ್ಮೆ ನೋಡಬೇಕೆಂದರೆ ಯಾವ ಎಪಿಸೋಡಿನಿಂದ ಶುರು ಮಾಡಲಿ’ ಅಂತ ಬರೆದು, ಆಮೇಲೆ ಹೊಡೆದುಹಾಕಿದ್ದೀರಿ. ಓದಲು ಬಂತು. ನನ್ನನ್ನು ಕೇಳಬೇಡಿ. ತಮ್ಮನನ್ನಂತೂ ಕೇಳಲೇಬೇಡಿ, ಅವನು ಪಟ್ಟಿ ಕೊಡುತ್ತಾನೆ. ಮಗಳನ್ನು ಕೇಳಿ. ನಿಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡು, ಎಲ್ಲಾ ಹೆಸರೂ ತಪ್ಪು ತಪ್ಪು ಹೇಳುತ್ತಾ, ಅವಳೇ ತೋರಿಸುತ್ತಾಳೆ.

— ಸಂಪಾದಕ